ಸುಜಾಳಿಗೆ ರಾಗ ಬಂದದ್ದು

ನನ್ನ ಹತ್ತಿರ ಒಂದು ಸೀರೆ ಇದೆ. ಬೂದಿ ಬಣ್ಣದ್ದು, ಅಂಚು ಇದ್ದೂ ಇಲ್ಲದಂಥದ್ದು. ಉಟ್ಟರೆ ಹೊಸದೆಂದು ಯಾರೂ ಹುಬ್ಬೇರಿಸುವುದಿಲ್ಲ, ಹಳೆಯದೆಂದು ಯಾರೂ ಮರುಗುವುದಿಲ್ಲ. ಹಬ್ಬಕ್ಕೂ ಆಗದ, ಸಂತೆಗೂ ಆಗದ ಈ ಸೀರೆಗೆ ಇರುವುದು ಒಂದೇ ಉದ್ಯೋಗ. ಅದು ನನ್ನ ಮಾತಾಡಿಸುವ ಸೀರೆ. ಬೆಳಗಾವಿ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಉಳಿದವರಿಗಾಗಿ ಬಿಡಿಸಿ ಹೇಳುತ್ತೇನೆ. ಯಾರದಾದರೂ ಮನೆಯಲ್ಲಿ ಸಾವಾದರೆ ಅಲ್ಲಿಗೆ ಹೋಗಿ ಕುಳಿತು ಬರುವುದಕ್ಕೆ ನಮ್ಮಲ್ಲಿ ‘ಮಾತಾಡಿಸುವುದು’ ಎನ್ನುತ್ತಾರೆ. ಮಾತಾಡಸಾಕ ಹೋಗಿದ್ವಿ ಎಂದರೆ ಸಾಕು, ಕೇಳಿದವರು ಆ ಕ್ಷಣವೇ ಮುಖ ಇಳಿಬಿಟ್ಟು ಯಾರು ಹೋದರು ಎಂದು ವಿಚಾರಿಸುತ್ತಾರೆ.

ವ್ಯಾಕರಣ ಬಲ್ಲವರನ್ನು ಕೇಳಿದರೆ ಇದು ಪ್ರೇರಣಾರ್ಥಕ ಕ್ರಿಯಾಪದ, ಎದುರಿನವರು ಮಾತಾಡುವ ಹಾಗೆ ನಾವು ಮಾಡುವುದು ಎಂದು ಅರ್ಥ ಹೇಳಿಯಾರು. ಅವರು ಸಾವಿನ ಮನೆಗಳಿಗೆ ಹೆಚ್ಚು ಹೋದಂತಿಲ್ಲ. ಅಲ್ಲಿ ಮಾತಾಡುವವರೆಲ್ಲ ಮಾತಾಡಿಸಲು ಹೋದವರೇ. ಮನೆಯವರ ಪಾಲಿನ ಕೆಲಸವೆಂದರೆ ಹೂಂಗುಟ್ಟುವುದು, ಚಹಾ ಕೊಡುವುದು, ಸತ್ತವರು ಕೊನೆಗೆ ಏನು ತಿಂದಿದ್ದರೆಂದು ಹೊಸ ತಂಡ ಬಂದಾಗಲೆಲ್ಲ ಮೊದಲಿನಿಂದ ಹೇಳುವುದು.

ಇವತ್ತು ಮಧ್ಯಾಹ್ನ ಕಪಾಟಿನ ತಳದಿಂದ ಆ ಸೀರೆ ತೆಗೆದೆ. ಡಾಂಬರು ಗುಳಿಗೆಯ ವಾಸನೆ ಇಡೀ ಮನೆಗೆ ಹಬ್ಬಿತು. ಹೊರಗೆ ಪತ್ರಿಕೆ ಓದುತ್ತಿದ್ದ ನಮ್ಮ ಯಜಮಾನರು ತಲೆ ಎತ್ತದೆ “ಯಾರು?” ಎಂದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ನನ್ನ ಮನಸ್ಸನ್ನು ಅರಿತರೋ ಇಲ್ಲವೋ, ನನ್ನ ಸೀರೆಗಳ ವಾಸನೆಯನ್ನಂತೂ ಅರಿತಿದ್ದಾರೆ. ನಮ್ಮ ವಡಗಾವಿ ಓಣಿಯ ತಿರುವಿನ ಮನೆಯಲ್ಲಿ ಇಬ್ಬರು ಗಂಡುಮಕ್ಕಳು. ಕಿರಿಯವನು ವಿನಾಯಕ ಸಾಂಬ್ರಾ ರಸ್ತೆಯಲ್ಲಿ ಬೈಕಿನಿಂದ ಬಿದ್ದು ಹೋದ. ದೊಡ್ಡವನು ಪ್ರವೀಣ ಕಾಲೇಜು ಹುಡುಗ. ಬಂದವರಿಗೆ ಕುರ್ಚಿ ಹಾಕುವವನು ಅವನೇ, ನೀರು ಕೊಡುವವನು ಅವನೇ ಎಂದು ಮಾತಾಡಿಸಿ ಬಂದವರು ಸುದ್ದಿ ತಂದಿದ್ದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲವಂತೆ. ಭಾಳ ಗಟ್ಟಿ ಹುಡುಗ ಎಂದು ಓಣಿಯೆಲ್ಲ ಪ್ರಮಾಣಪತ್ರ ಕೊಟ್ಟಾಗಿತ್ತು.

ಈ ‘ಗಟ್ಟಿ’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಖಾನಾಪುರದ ಒಬ್ಬ ಹುಡುಗಿ ನೆನಪಾಗುತ್ತಾಳೆ. ಅವಳಿಗಿಂತ ಮೊದಲು ನೀಲವ್ವತ್ತೆಯನ್ನು ನಿಮಗೆ ಪರಿಚಯಿಸಬೇಕು. ಇಲ್ಲವಾದರೆ ಅತ್ತೆ ಇದ್ದಲ್ಲಿಂದಲೇ ಸಿಟ್ಟಾದಾಳು.

ನೀಲವ್ವತ್ತೆ ನಮ್ಮ ತಂದೆಯ ಅಕ್ಕ, ಬೈಲಹೊಂಗಲ ಕಡೆಯ ಹಳ್ಳಿಯವಳು. ನನ್ನ ಕನ್ನಡದಲ್ಲಿ ಏನಾದರೂ ಕಸುವಿದ್ದರೆ ಅದು ಅವಳದು. ಕೊಸರು ಮಾತ್ರ ಸಾಲಿಯಲ್ಲಿ ಕಲಿತದ್ದು. ಯಾರನ್ನೂ ‘ಸತ್ತ’ ಎನ್ನಬಾರದೆಂದು ಕಲಿಸಿದವಳು ಅವಳೇ. ಬೇಕಾದವರು ಶಿವನ ಪಾದ ಸೇರುತ್ತಾರೆ, ನೆರೆಯವರು ಹೋಗುತ್ತಾರೆ, ಹೊಲದ ಬದುವಿಗಾಗಿ ಜಗಳಾಡಿದವರು ಜಾಗ ಖಾಲಿ ಮಾಡುತ್ತಾರೆ. ಅತ್ತೆಯ ಹೆಸರು ನಾಲ್ಕೂರಿಗೆ ಹಬ್ಬಿದ್ದು ಮಾತ್ರ ಅಳುವಿನಿಂದ. ನಮ್ಮ ಕಡೆ ಹೆಣ್ಣುಮಕ್ಕಳು ಸುಮ್ಮನೆ ಅಳುವುದಿಲ್ಲ, ಆಡಿಕೊಂಡು ಅಳುತ್ತಾರೆ. ರಾಗ ತೆಗೆದು, ಸತ್ತವರ ಗುಣಗಳನ್ನು ಒಂದೊಂದಾಗಿ ಪದ ಕಟ್ಟಿ ಅಳುವುದು. ಈ ವಿದ್ಯೆಯಲ್ಲಿ ಅತ್ತೆಯನ್ನು ಮೀರಿಸಿದವರಿರಲಿಲ್ಲ. ಅವಳು ಹೊಸ್ತಿಲು ದಾಟುತ್ತಲೇ ಅಲ್ಲಿಯವರೆಗೆ ಅಳುತ್ತಿದ್ದವರು, ದೊಡ್ಡ ಗಾಯಕರು ಬಂದಾಗ ಸಣ್ಣವರು ತಂಬೂರಿ ಕೆಳಗಿಡುವಂತೆ, ಮೂಗು ಒರೆಸಿಕೊಂಡು ಸರಿದು ಜಾಗ ಕೊಡುತ್ತಿದ್ದರು. ಕುಡಿದು ಹೆಂಡತಿಯನ್ನು ಬಡಿದವನೂ ಅತ್ತೆಯ ಬಾಯಲ್ಲಿ ಮನೆಗೆ ಕಂಬವಾದವನು, ಕುಲಕ್ಕೆ ಕಳಸವಾದವನು ಆಗಿಬಿಡುತ್ತಿದ್ದ. ಬಡಿತ ತಿಂದವಳು ಪಕ್ಕದಲ್ಲಿ ಕುಳಿತು ಇದು ಯಾರ ವಿಷಯ ಎನ್ನುವಂತೆ ನೋಡುತ್ತಿದ್ದಳು.

ಮರಳಿ ಬರುವಾಗ ಅತ್ತೆ ಉಳಿದವರ ಅಳುವಿಗೆ ಅಂಕ ಕೊಡುತ್ತಿದ್ದಳು. ಸೊಸೆ ಬಾಯಿಂದ ಅತ್ತಳು, ಮಗಳು ಹೊಟ್ಟೆಯಿಂದ ಅತ್ತಳು, ನಾದಿನಿಗೆ ದನಿ ಇದೆ ಆದರೆ ಪದವಿಲ್ಲ, ಹೀಗೆ. ನಾನು ಚಿಕ್ಕಂದಿನಿಂದ ಅವಳ ಸೆರಗು ಹಿಡಿದು ಈ ಎಲ್ಲ ಮನೆಗಳಿಗೆ ಹೋದವಳು. ಆದರೂ ಒಂದು ಪದ ಕಟ್ಟಲು ಬರಲಿಲ್ಲ. ನನ್ನ ಅಳು ಯಾವಾಗಲೂ ಶೀತವಾದವರ ಮೂಗಿನಂತೆ ಬರೀ ಸದ್ದು ಮಾಡುತ್ತದೆ. ಇದು ಮುಟ್ಟಿಲ್ಲದವಳ ಅಳು, ಹತಾರವಿಲ್ಲದ ಕಮ್ಮಾರಿಕೆ ಎಂದು ಅತ್ತೆ ನನ್ನನ್ನು ಅಂದೇ ಕೈಬಿಟ್ಟಿದ್ದಳು.

ಈಗ ಖಾನಾಪುರಕ್ಕೆ ಬರೋಣ. ಹೊಸ ಸಹಸ್ರಮಾನ ಬರುತ್ತದೆ, ಕಂಪ್ಯೂಟರುಗಳೆಲ್ಲ ಕೆಡುತ್ತವೆ, ವಿಮಾನಗಳು ಉದುರುತ್ತವೆ ಎಂದು ಎಲ್ಲರನ್ನೂ ಹೆದರಿಸಿ, ಕೊನೆಗೆ ಏನೂ ಆಗದೆ ಹೋದ ಆ ವರ್ಷ. ನಮ್ಮ ಚಿಕ್ಕಪ್ಪನ ಮಗ ಈರಣ್ಣ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿಯದೇ ಹುಡುಗಿಯನ್ನು, ಮರಾಠಿ ಮನೆಮಾತಿನ ಶೋಭಾಳನ್ನು ಮೆಚ್ಚಿ ಮದುವೆಯಾಗಿ ಅಲ್ಲೇ ಉಳಿದ. ಹಾಗೆಂದು ನಮ್ಮ ಹಿರಿಯರು ಅವನ ಮೇಲೆ ಮುನಿಸಿಕೊಂಡಿರಲಿಲ್ಲ. ಅವನ ಮನೆಗೆ ಹೋಗಲು ಹದಿನಾರು-ಹದಿನೇಳು ವರ್ಷ ಪುರುಸೊತ್ತು ಸಿಕ್ಕಿರಲಿಲ್ಲ, ಅಷ್ಟೇ. ಈರಣ್ಣ ಎದೆ ಹಿಡಿದುಕೊಂಡು ಕಾರ್ಖಾನೆಯ ಅಂಗಳದಲ್ಲಿ ಕುಸಿದ ಸುದ್ದಿ ಬರುತ್ತಲೂ ಎಲ್ಲರಿಗೂ ಒಂದೇ ದಿನ ಪುರುಸೊತ್ತು ಸಿಕ್ಕಿತು. ಮಣ್ಣಿಗೆ ಗಂಡಸರು ಹೋಗಿ ಬಂದರು. ವಾರ ನೋಡಿ, ಮಾತಾಡಿಸಲು ಹೆಂಗಸರ ತಂಡ ಒಂದು ಟ್ರ್ಯಾಕ್ಸ್ ಗಾಡಿಯಲ್ಲಿ ಹೊರಟಿತು.

ಗಂಡುದಿಕ್ಕೆಂದು ಚನ್ನಪ್ಪ ಕಾಕಾ ಮುಂದಿನ ಸೀಟಿನಲ್ಲಿ ಕುಳಿತ. ಕಾಕಾ ನಿವೃತ್ತ ಗುಮಾಸ್ತ, ಸಾವಿನ ಮನೆಯ ತತ್ವಜ್ಞಾನಿ. ಈ ದೇಹ ಬಾಡಿಗೆ ಮನೆ, ಮಾಲಕ ಬಿಡು ಎಂದ ದಿನ ಬಿಡಬೇಕು, ತಕರಾರು ಮಾಡಬಾರದು ಎಂಬುದು ಅವನ ಕಾಯಂ ಉಪದೇಶ. ಟಿಳಕವಾಡಿಯಲ್ಲಿ ತಾನು ಹಿಡಿದ ಬಾಡಿಗೆ ಮನೆಯನ್ನು ಬಿಡು ಎಂದ ಮಾಲಕನನ್ನು ಮಾತ್ರ ಅವನು ಕೋರ್ಟಿನಿಂದ ಕೋರ್ಟಿಗೆ ಅಲೆಸುತ್ತಿದ್ದ. ನನ್ನನ್ನು ಕರೆದುಕೊಂಡಿದ್ದು ದುಭಾಷಿಯಾಗಿ. ಶಹಾಪುರದ ಕಾಯಿಪಲ್ಲೆ ಬಜಾರದಲ್ಲಿ ಮರಾಠಿಯಲ್ಲಿ ಚೌಕಾಸಿ ಮಾಡುತ್ತೇನೆಂಬುದೇ ನನ್ನ ಅರ್ಹತೆ. ಸಾವಿನ ಮನೆಯಲ್ಲಿ ಮೆಂತೆ ಸೂಡಿನ ಮರಾಠಿ ಎಷ್ಟು ಕೆಲಸಕ್ಕೆ ಬರುತ್ತದೆಂದು ಯಾರೂ ಕೇಳಲಿಲ್ಲ.

ಪಿರನವಾಡಿ ದಾಟುವವರೆಗೆ ಈರಣ್ಣನ ಬಗ್ಗೆ ಮಾತಾಡಿದೆವು. ಮಚ್ಛೆ ಬರುವಷ್ಟರಲ್ಲಿ ಮಾತು ಯಾರದೋ ಸೊಸೆಯ ಮೇಲೆ ಹೊರಳಿತು. ದೇಸೂರಿನ ಹತ್ತಿರ, ಮರಳಿ ಬರುವಾಗ ಬೆಳಗಾವಿ ಊರೊಳಗೆ ಗಾಡಿ ನಿಲ್ಲಿಸಿ ಕುಂದಾ ಮಿಠಾಯಿ ಕೊಳ್ಳುವುದೆಂದು ಸರ್ವಾನುಮತದಿಂದ ನಿಶ್ಚಯವಾಯಿತು. ಖಾನಾಪುರದ ಮೊದಲ ಮನೆಗಳು ಕಂಡದ್ದೇ ಎಲ್ಲರೂ ತಲೆಯ ಮೇಲೆ ಸೆರಗು ಹೊದ್ದು ಮುಖವನ್ನು ಸಾವಿನ ಮನೆಯ ಹದಕ್ಕೆ ತಂದುಕೊಂಡೆವು.

ಮಲಪ್ರಭೆಯ ದಂಡೆಗೆ ಸಮೀಪದ ಸಣ್ಣ ಮನೆ. ಗೋಡೆಗೊರಗಿಸಿದ ಈರಣ್ಣನ ಫೋಟೋ, ಅದರ ಮುಂದೆ ದೀಪ. ಶೋಭಾ ಒಂದು ಮೂಲೆಯಲ್ಲಿ ಕುಳಿತಿದ್ದಳು. ಮಗಳು ಸುಜಾ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ಹತ್ತನೆಯ ಇಯತ್ತೆ, ಪರೀಕ್ಷೆ ಹತ್ತಿರ ಬಂದಿತ್ತು. ಅಪ್ಪನ ಉದ್ದನೆಯ ಮೂಗು, ಅಪ್ಪನದೇ ಗಿಡ್ಡ ಬೆರಳು. ನಾವು ತಂದ ಬುತ್ತಿಯನ್ನು ಒಳಗಿಡಲು ಹೋದಾಗ ಶೋಭಾ ಹಿಂದೆಯೇ ಬಂದು ಮರಾಠಿಯಲ್ಲಿ ತನ್ನ ಸಂಕಟ ಹೇಳಿಕೊಂಡಳು. ಈರಣ್ಣ ಹೋದಂದಿನಿಂದ ಹುಡುಗಿ ಒಮ್ಮೆಯೂ ಅತ್ತಿಲ್ಲ. ಮಾತು ಕೇಳಿದರೆ ಹೂಂ, ಇಲ್ಲ, ಎರಡೇ ಉತ್ತರ. ತಾಟಿನ ಮುಂದೆ ಕುಳಿತು, ತುತ್ತು ಮುರಿದು, ಎದ್ದು ಹೋಗುತ್ತಾಳೆ. ಪುಸ್ತಕ ಮುಟ್ಟಿಲ್ಲ. ಗಂಡ ಹೋದ, ಇನ್ನು ಇವಳೂ ಹೀಗೆ ಕಣ್ಣೆದುರಿಗೇ ಹೋಗುತ್ತಾಳೇನೋ ಎಂದು ನನ್ನ ಕೈ ಹಿಡಿದಳು. ನಾನು ಅವಳ ಕೈ ಹಿಡಿದುಕೊಂಡು ನಿಂತೆ.

ಹೊರಗೆ ಮಾತಾಡಿಸುವುದು ಶುರುವಾಗಿತ್ತು. ಎಷ್ಟು ಹೊತ್ತಿಗಾಯಿತು, ಯಾರು ನೋಡಿದರು, ಮುಂಜಾನೆ ಏನು ತಿಂದಿದ್ದ? ಅವಲಕ್ಕಿ ತಿಂದಿದ್ದ. ಅವಲಕ್ಕಿ ವಾಯು ಎಂದು ಒಬ್ಬರು, ಹಸಿ ಶೇಂಗಾ ಹಾಕಿದ್ದರೆ ಮಾತ್ರ ವಾಯು ಎಂದು ಇನ್ನೊಬ್ಬರು. ಸ್ವಲ್ಪ ಹೊತ್ತು ಈರಣ್ಣನನ್ನು ಕೊಂದದ್ದು ಶೇಂಗಾ ಹೌದೋ ಅಲ್ಲವೋ ಎಂಬ ವಿಚಾರಣೆ ನಡೆಯಿತು. ಅಷ್ಟರಲ್ಲಿ ಕಾರ್ಖಾನೆಯ ಗೆಳೆಯನೊಬ್ಬ ನಡೆದದ್ದನ್ನು ಹೇಳಿದ. ಬೆಳಗಾವಿಯ ಡಾಕ್ಟರರು ತಿಂಗಳ ಹಿಂದೆಯೇ ದವಾಖಾನೆ ಸೇರಲು ಹೇಳಿದ್ದರಂತೆ. ಮಗಳ ಪರೀಕ್ಷೆ ಮುಗಿಯಲಿ, ಈಗ ಮನೆಯಲ್ಲಿ ಗದ್ದಲ ಬೇಡ ಎಂದು ಈರಣ್ಣ ಮುಂದೂಡಿದ್ದನಂತೆ.

ಚನ್ನಪ್ಪ ಕಾಕಾಗೆ ಇದು ಹೊಸ ಸಾಮಗ್ರಿ. ಬಾಡಿಗೆ ಮನೆಯನ್ನು ಬದಿಗಿಟ್ಟು ತ್ಯಾಗವನ್ನು ಎತ್ತಿಕೊಂಡ. ಮಗಳ ಪರೀಕ್ಷೆಗಾಗಿ ಪ್ರಾಣ ಕೊಟ್ಟ ತಂದೆ, ಇಂಥ ತಂದೆ ಯಾರಿಗೆ ಸಿಗುತ್ತಾನೆ, ಇನ್ನು ನೀನು ಒಂದನೇ ಕ್ಲಾಸಿನಲ್ಲಿ ಪಾಸಾಗಿ ಅವನ ಋಣ ತೀರಿಸಬೇಕು ಎಂದು ಹುಡುಗಿಯತ್ತ ತಿರುಗಿ ಹೇಳಿದ. ಎಲ್ಲರೂ ತಲೆದೂಗಿದರು. ಆಮೇಲೆ ಒಬ್ಬೊಬ್ಬರೂ ತಮ್ಮ ಕೈಲಾದಷ್ಟು ಕೊಟ್ಟರು. ಅವ್ವನ ಮುಂದೆ ಅಳಬೇಡ, ಅವಳ ಧೈರ್ಯ ಹೋಗುತ್ತದೆ ಎಂದು ಒಬ್ಬಳು. ಅಳು, ಅಳದಿದ್ದರೆ ಎದೆ ಒಡೆಯುತ್ತದೆ ಎಂದು ಪಕ್ಕದವಳು. ಇನ್ನು ನೀನೇ ಮನೆಯ ಗಂಡುಮಗ ಎಂದು ಮೂರನೆಯವಳು. ಪಾಪ, ಹುಡುಗಿ ಅಳದೆ ಅತ್ತು, ಗಂಡಾಗಿ, ಒಂದನೇ ಕ್ಲಾಸೂ ಬರಬೇಕಾಗಿತ್ತು. ಅವಳು ಬಾಗಿಲ ಚೌಕಟ್ಟಿಗೆ ಇನ್ನಷ್ಟು ಅಂಟಿಕೊಂಡಳು. ಪರೀಕ್ಷೆಯ ಮಾತು ಬಂದಾಗಲೆಲ್ಲ ಅವಳ ದವಡೆ ಬಿಗಿಯುತ್ತಿತ್ತು. ಎಷ್ಟು ಗಟ್ಟಿ ನೋಡ್ರಿ ಎಂದು ಯಾರೋ ಮೆಚ್ಚಿಕೊಂಡರು.

ನೀಲವ್ವತ್ತೆಗೆ ಮಾತ್ರ ಈ ಗಟ್ಟಿತನ ಸಹಿಸಲಾಗಲಿಲ್ಲ. ಹೆಣ್ಣುಮಗಳಿದ್ದೂ ಆಡಿಕೊಂಡು ಅಳದ ಸಾವು ಅವಳ ಲೆಕ್ಕದಲ್ಲಿ ಉಪ್ಪಿಲ್ಲದ ಅಡುಗೆ. ತಾನೇ ಒಂದು ಸುತ್ತು ಅತ್ತು ಮಾದರಿ ತೋರಿಸಿದಳು. ಹದಿನೇಳು ವರ್ಷ ಮುಖ ನೋಡದ ತಮ್ಮನ ಮಗನನ್ನು ಅವಳು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದು ಕಲೆಯ ಸಾಮರ್ಥ್ಯಕ್ಕೆ ಸಾಕ್ಷಿ. ಆಮೇಲೆ ಸುಜಾಳನ್ನು ಹತ್ತಿರ ಕರೆದು ಕೂರಿಸಿಕೊಂಡು, ನಿನ್ನಪ್ಪನಿಗೆ ನೀನೂ ಎರಡು ಪದ ಹೇಳಬೇಕವ್ವಾ ಎಂದು ಗಲ್ಲ ಸವರಿದಳು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ಅತ್ತೆ ಮತ್ತೆ ಕೇಳಿದಳು. ಹುಡುಗಿ ಅಂದು ಮೊದಲ ಬಾರಿ ಬಾಯಿ ತೆರೆದಳು.

“ನನಗ ಅಳು ಬರವೊಲ್ದು ಅಜ್ಜಿ. ರಾಗ ಬರಾಕತ್ತೈತಿ.”

ಇಲ್ಲಿ ನಿಮ್ಮನ್ನು ಅರೆಗಳಿಗೆ ನಿಲ್ಲಿಸಬೇಕು. ಸುಜಾ ಕಲಿತದ್ದು ಮರಾಠಿ ಸಾಲಿಯಲ್ಲಿ, ಆಯಿ ಎಂದು ಕರೆಯುವ ತಾಯಿಯೊಡನೆ ಆಡುವುದು ಮರಾಠಿ. ಅವಳ ಕನ್ನಡ ಅಪ್ಪನೊಬ್ಬನ ಜೊತೆ ಆಡಿ ಆಡಿ ಬಂದ ಕನ್ನಡ, ಅದರಲ್ಲಿ ಅರ್ಧ ಮಾತು ತಾಯಿಯವು. ಮರಾಠಿಯಲ್ಲಿ ರಾಗ ಎಂದರೆ ಸಿಟ್ಟು. ಆ ಮನೆಯಲ್ಲಿ ಸಿಟ್ಟಿಗೆ ಬೇರೆ ಹೆಸರೇ ಇರಲಿಲ್ಲ. ಖಾನಾಪುರದಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಬೈಲಹೊಂಗಲ ಕಡೆಯ ನೀಲವ್ವತ್ತೆಗೆ ರಾಗವೆಂದರೆ ರಾಗ. ಅವಳ ಮುಖ ದೀಪ ಹಚ್ಚಿದಂತಾಯಿತು.

“ಬರಾಕತ್ತೈತಿ? ಬರಲಿ ಬರಲಿ, ತಡೀಬ್ಯಾಡ. ಎದ್ಯಾಗ ಇಟ್ಟುಕೊಂಡ್ರ ಅದು ಮನಶ್ಯಾನ ತಿಂತದವಾ. ಹೊರಗ ತೆಗಿ.”

ಹುಡುಗಿ ನಂಬಲಾಗದೆ ಅತ್ತೆಯ ಮುಖ ನೋಡಿದಳು. ಅವಳಿಗೆ ಆವರೆಗೆ ಯಾರೂ ಇಂಥ ಮಾತು ಹೇಳಿರಲಿಲ್ಲ.

“ಪಪ್ಪಾನ ಮ್ಯಾಲೆ ಬಂದೈತಿ,” ಎಂದಳು ಸಣ್ಣ ದನಿಯಲ್ಲಿ.

“ಮತ್ತ್ಯಾರ ಮ್ಯಾಲೆ ಬರಬೇಕು? ಹೋದಾವ ಅವಾ, ಅವನ ಮ್ಯಾಲೇ ತೆಗೀಬೇಕು.”

“ಎಲ್ಲಾರ ಮುಂದ?”

“ಎಲ್ಲಾರ ಮುಂದನ. ಒಬ್ಬಾಕೀನ ಕುಂತು ತೆಗದ್ರ ಏನ್ ಬಂತು? ಮೊದಲ ಸಣ್ಣಗ ಹಿಡಿ, ಆಮ್ಯಾಲೆ ಏರಸು. ನಾಚ್ಕೋಬ್ಯಾಡ.”

ದುಭಾಷಿಯಾದ ನಾನು ಬಾಯಿ ತೆರೆದೆ. ಅತ್ತೀ, ಆಕಿ ಅನ್ನಾಕತ್ತಿದ್ದು ಆ ರಾಗ ಅಲ್ಲ, ಎನ್ನುವಷ್ಟರಲ್ಲಿ ಅತ್ತೆ, ನಡುವೆ ಬಾಯಿ ಹಾಕಬೇಡ, ಹುಡುಗಿಗೆ ಈಗಷ್ಟೇ ಶ್ರುತಿ ಸಿಕ್ಕಿದೆ, ಮುಟ್ಟಿಲ್ಲದವಳು ನೀನೇನು ಹೇಳುತ್ತೀ ಎಂದು ಗದರಿ ಸುಮ್ಮನಾಗಿಸಿದಳು. ಎಲ್ಲರೂ ಸರಿಯಾಗಿ ಕುಳಿತರು. ಒಬ್ಬಳು ಕಣ್ಣೊರೆಸಲು ಸೆರಗಿನ ತುದಿಯನ್ನು ಮೊದಲೇ ಸಿದ್ಧಮಾಡಿಕೊಂಡಳು.

ಸುಜಾ ಎದ್ದು ಫೋಟೋದ ಎದುರಿಗೆ ನಿಂತಳು. ಅತ್ತೆ ಹೇಳಿಕೊಟ್ಟಂತೆ ಸಣ್ಣಗೆ ಹಿಡಿದಳು.

“ಪಪ್ಪಾ, ನನಗ ನಿನ್ನ ಮ್ಯಾಲೆ ಭಾಳ ರಾಗ ಬಂದೈತಿ. ಹಿತ್ತಲದಾಗ ಎದಿ ಹಿಡಕೊಂಡ ಕುಂತಿದ್ದಿ. ನಾ ನೋಡಿದ್ನಿ. ಆಯಿಗೆ ಹೇಳಬ್ಯಾಡ, ನನ್ನಾಣಿ ಐತಿ ಅಂದಿ.” ದನಿ ಏರತೊಡಗಿತು. “ಆಣಿ ಮುರದ್ರ ನೀ ಸಾಯ್ತಿ ಅಂತ ನಾ ಯಾರಿಗೂ ಹೇಳಲಿಲ್ಲ. ಆಣಿ ಮುರೀಲಿಲ್ಲ. ಆದರೂ ಸತ್ತಿ.”

ಸತ್ತಿ ಎಂಬ ಆ ಮಾತು ಕೋಣೆಯ ನಡುವೆ ಬಿದ್ದಿತು. ಶಿವನ ಪಾದ, ಬಾಡಿಗೆ ಮನೆ ಯಾವುದೂ ಅದನ್ನು ಎತ್ತಲು ಬರಲಿಲ್ಲ.

“ನನ್ನ ಪರೀಕ್ಷಾ ಸಲುವಾಗಿ ಅಂತ ಎಲ್ಲಾರೂ ಅಂತಾರ. ನಾ ಯಾವಾಗ ಕೇಳಿದ್ನಿ ನಿನ್ನ? ನಾಪಾಸಾಗಿದ್ರ ಮುಂದಿನ ವರ್ಷ ಕುಂದರತಿದ್ನಿ. ನೀ ಮುಂದಿನ ವರ್ಷ ಬರ್ತೀಯೇನು?”

ಸಿದ್ಧವಾಗಿದ್ದ ಸೆರಗುಗಳು ಹಾಗೆಯೇ ಗಾಳಿಯಲ್ಲಿ ನಿಂತವು. ಇಂಥದ್ದಕ್ಕೆ ಅಳಬೇಕೋ ಬೇಡವೋ ಎಂದು ಯಾರಿಗೂ ತಿಳಿಯಲಿಲ್ಲ. ಮೊದಲು ಚೇತರಿಸಿಕೊಂಡವನು ಚನ್ನಪ್ಪ ಕಾಕಾ. ಹೋದವರಿಗೆ ಹೀಗೆ ಅನ್ನಬಾರದು, ಅವರ ಆತ್ಮ ನೊಂದುಕೊಳ್ಳುತ್ತದೆ ಎಂದು ಎದ್ದು ನಿಂತ. ನೀಲವ್ವತ್ತೆ ಅವನತ್ತ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣು ಹುಡುಗಿಯ ಮೇಲೆಯೇ ಇತ್ತು.

“ನೀ ಸುಮ್ಮ ಕುಂದ್ರೋ ಚನ್ನಪ್ಪಾ. ರಾಗ ಅಷ್ಟು ಕೂಡವೊಲ್ದು, ಖರೇ. ಮಾತು ಬರೋಬ್ಬರಿ ಅದಾವ.”

ಆಮೇಲೆ ನಡೆದದ್ದು ನಮ್ಮ ತಂಡದ ಅನುಭವದಲ್ಲೇ ಇಲ್ಲದ್ದು. ಮೂಲೆಯಲ್ಲಿದ್ದ ಶೋಭಾ ಎದ್ದು ಬಂದಳು. ಮಗಳು ಹಿಂದೆ ಸರಿದಳು. ಅಷ್ಟು ದಿನ ಅವಳು ಹೆದರಿದ್ದು ಇದಕ್ಕೇ ಇರಬೇಕು. ಗೊತ್ತಿದ್ದೂ ಹೇಳಲಿಲ್ಲವಲ್ಲ ಎಂದು ತಾಯಿ ಕೇಳುವ ಈ ಗಳಿಗೆಗೆ. ಶೋಭಾ ಹೊಡೆಯುತ್ತಾಳೆಂದೇ ನಾನೂ ಅಂದುಕೊಂಡೆ. ಅವಳು ಮಗಳ ಎರಡೂ ಭುಜ ಹಿಡಿದು ಮೊದಲು ಹೇಳಿದ್ದು ಒಂದೇ ಮಾತು.

“ಮಲಾ ಪಣ ಸಾಂಗಿತಲಂ ಹೋತಂ.”

ನನಗೂ ಹೇಳಿದ್ದ ಎಂದು ಅರ್ಥ. ಉಳಿದದ್ದನ್ನು ಅದರ ಬೆನ್ನಿಗೇ ಬಿಡಿಸಿ ಹೇಳಿದಳು. ಈರಣ್ಣ ಹೇಳಿದ್ದು ಮಾತ್ರವಲ್ಲ, ಸುಜಾಗೆ ತಿಳಿಯಬಾರದು, ಪರೀಕ್ಷೆಯ ಹೊತ್ತು ಎಂದು, ಸುಜಾಳ ತಲೆಯ ಮೇಲೆಯೇ ಆಣೆ ಹಾಕಿಸಿಕೊಂಡಿದ್ದ. ತಾಯಿ ಮಗಳ ಜೀವಕ್ಕೆ ಹೆದರಿ ಬಾಯಿ ಮುಚ್ಚಿದ್ದಳು, ಮಗಳು ಅಪ್ಪನ ಜೀವಕ್ಕೆ ಹೆದರಿ. ಒಂದೇ ಗುಟ್ಟನ್ನು ಇಬ್ಬರಿಗೂ ಹೇಳಿ, ಇಬ್ಬರ ಬಾಯಿಗೂ ಬೇರೆ ಬೇರೆ ಬೀಗ ಹಾಕಿ, ಈರಣ್ಣ ನೆಮ್ಮದಿಯಿಂದ ಕೆಲಸಕ್ಕೆ ಹೋಗಿಬರುತ್ತಿದ್ದ. ಹಂಚಿನ ಕಾರ್ಖಾನೆಯವನು, ತನ್ನ ಎದೆನೋವನ್ನೂ ಅಚ್ಚುಕಟ್ಟಾಗಿ ಹಂಚಿಟ್ಟಿದ್ದ.

ನಾನು ಇದನ್ನು ಕನ್ನಡದಲ್ಲಿ ಹೇಳಿದೆ. ಅವತ್ತು ದುಭಾಷಿಯ ಕೆಲಸ ಬಿದ್ದದ್ದು ಅಷ್ಟೇ. ಮುಂದಿನದಕ್ಕೆ ಯಾರಿಗೂ ಅನುವಾದ ಬೇಕಾಗಲಿಲ್ಲ. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದು, ಮರಾಠಿ ಕನ್ನಡ ಎರಡರಲ್ಲೂ, ಆ ಫೋಟೋವನ್ನು ಬಾಯಿಗೆ ಬಂದಂತೆ ಬೈದರು. ಬೈಯುತ್ತ ಬೈಯುತ್ತ ಹುಡುಗಿಗೆ ಅಳು ಬಂದಿತು. ರಾಗವೂ ಇಲ್ಲ, ಪದವೂ ಇಲ್ಲ. ನನ್ನ ಅಳುವಿನ ಹಾಗೆಯೇ ಬರೀ ಮೂಗು, ಬರೀ ಸದ್ದು. ನೀಲವ್ವತ್ತೆ ಅದಕ್ಕೆ ಅಂಕ ಕೊಡಲಿಲ್ಲ. ಉಳಿದ ನಾವೆಲ್ಲ, ಅಷ್ಟು ದೂರದಿಂದ ಮಾತಾಡಿಸಲು ಹೋದವರು, ಮೊದಲ ಸಲ ಮಾತಿಲ್ಲದೆ ಕುಳಿತೆವು. ಬಹಳ ಕಷ್ಟದ ಕೆಲಸ ಅದು. ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಸುಜಾ ಅಡುಗೆಮನೆಗೆ ಹೋಗಿ, ನಾವು ತಂದ ಬುತ್ತಿ ಬಿಚ್ಚಿ, ನೆಲದ ಮೇಲೆ ಕುಳಿತು ರೊಟ್ಟಿ ತಿಂದಳು. ಚಟ್ನಿ ಖಾರವಾಗಿ ಸೊಸ್ಸೆಂದಳು. ಶೋಭಾ ಎದುರಿಗೆ ಕುಳಿತು ಮೊಸರು ಹಾಕಿದಳು. ಸಾವಿನ ಮನೆಯಿಂದ ಏಳುವಾಗ ಬರುತ್ತೇವೆ ಎನ್ನಬಾರದು. ಹಾಗೆ ಸದ್ದಿಲ್ಲದೆ ಎದ್ದು ಬಂದೆವು.

ಗಾಡಿಯಲ್ಲಿ ಮೊದಲು ಬಾಯಿ ಬಿಟ್ಟವನು ಕಾಕಾ. ಈಗಿನ ಹುಡುಗರಿಗೆ ಹಿರಿಯರೆಂದರೆ ಗೌರವವಿಲ್ಲ ಎಂದ. ನಾನು ಅತ್ತೆಯ ಪಕ್ಕದಲ್ಲಿದ್ದೆ. ಹುಡುಗಿ ಹೇಳಿದ ರಾಗಕ್ಕೆ ಮರಾಠಿಯಲ್ಲಿ ಏನರ್ಥವೆಂದು ಈಗಲಾದರೂ ಹೇಳಬೇಕೆನ್ನಿಸಿ ಹೇಳಿದೆ. ಅತ್ತೆ ನಗುತ್ತಾಳೆ, ಇಲ್ಲವೇ ನನಗೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡನ್ನೂ ಮಾಡಲಿಲ್ಲ. ಗಾಡಿ ದೇಸೂರು ದಾಟಿತು.

“ನಿಮ್ಮ ಮಾವ ಹೋದಾಗ ನಾ ಎಷ್ಟ ಛಂದ ಅತ್ತಿದ್ದೆ, ಮಂದಿ ಇನ್ನೂ ಹೇಳ್ತಾರ,” ಎಂದಳು ಕೊನೆಗೆ. “ಮೂರು ಸಣ್ಣ ಕೂಸು ಬಿಟ್ಟ ಹ್ವಾದ. ಅವತ್ತ ನನ್ನ ಹೊಟ್ಟ್ಯಾಗ ಇದ ಇತ್ತು, ಈ ಹುಡುಗೀದು. ಸಿಟ್ಟು ಬದುಕಿದ್ದವರ ಮ್ಯಾಲೆ ಅಷ್ಟ ಮಾಡೂದು ಅಂತ ತಿಳದಿದ್ನಿ. ನುಂಗಿ, ಕುಲಕ ಕಳಸ ಅಂತ ಹಾಡಿದೆ.”

ಅಷ್ಟು ಹೇಳಿ ಸೆರಗು ಮುಂದೆಳೆದುಕೊಂಡಳು. ಊರೊಳಗೆ ಬಂದ ಮೇಲೆ ಚಾಲಕ, ಮೊದಲೇ ಹೇಳಿದ್ದೆವಲ್ಲ, ಕುಂದಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದ. ಎಲ್ಲರೂ ಕೊಂಡೆವು. ನೀವು ಅಂದುಕೊಂಡಷ್ಟು ದೊಡ್ಡ ಮನಸ್ಸಿನವರಲ್ಲ ನಾವು. ಅತ್ತೆಯೂ ಅರ್ಧ ಕಿಲೋ ಕಟ್ಟಿಸಿದಳು.

ಆ ವರ್ಷ ಸುಜಾ ಪರೀಕ್ಷೆಗೆ ಕುಳಿತಳು. ಗಣಿತದಲ್ಲಿ ನಾಪಾಸಾದಳು, ಅಕ್ಟೋಬರದಲ್ಲಿ ಕಟ್ಟಿ ಪಾಸು ಮಾಡಿದಳು. ಅವಳು ಒಂದನೇ ಕ್ಲಾಸು ತರಲಿಲ್ಲವೆಂದು ಚನ್ನಪ್ಪ ಕಾಕಾ ನೊಂದುಕೊಂಡ. ಈಗ ಲೋಂಡಾದಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ವರ್ಷಕ್ಕೊಮ್ಮೆ ಅಪ್ಪನ ಫೋಟೋಕ್ಕೆ ಹಾರ ಹಾಕುವ ಮೊದಲು ಅವನ ಜೊತೆ ಒಂದು ಗಳಿಗೆ ಜಗಳವಾಡುತ್ತಾಳಂತೆ. ನೀಲವ್ವತ್ತೆ ಆಮೇಲೂ ಸಾವಿನ ಮನೆಗಳಿಗೆ ಹೋದಳು, ರಾಗ ತೆಗೆದು ಅತ್ತಳು. ಕುಡಿದು ಬಡಿದವರನ್ನು ಮಾತ್ರ ಕಂಬ, ಕಳಸ ಎನ್ನುವುದನ್ನು ಬಿಟ್ಟಳು. ಅಂಥವರ ಮನೆಯಲ್ಲಿ ಹೆಂಡತಿಯ ಪಕ್ಕಕ್ಕೆ ಸರಿದು, ನಿನಗ ಏನು ಬಂದೈತಿ ಹೇಳವಾ ಎಂದು ಕಿವಿಯಲ್ಲಿ ಕೇಳುತ್ತಿದ್ದಳು. ಇದರಿಂದ ಅವಳ ಬೇಡಿಕೆ ಕಡಿಮೆಯಾಯಿತು. ಸತ್ತವರ ಅಣ್ಣತಮ್ಮಂದಿರು ಅವಳನ್ನು ಕರೆಯುವ ಮುಂಚೆ ಎರಡು ಸಲ ಯೋಚಿಸುವಂತಾಯಿತು.

ಇವತ್ತು ಸಂಜೆ ಓಣಿಯ ಹೆಂಗಸರೊಡನೆ ನಾನೂ ತಿರುವಿನ ಮನೆಗೆ ಹೋದೆ. ಎಲ್ಲ ಕ್ರಮದಂತೆ ನಡೆಯುತ್ತಿತ್ತು. ಹೆಲ್ಮೆಟ್ ಇತ್ತೋ ಇಲ್ಲವೋ, ರಸ್ತೆಯ ತಗ್ಗು ಯಾರ ತಪ್ಪು, ಅವತ್ತು ಏನು ತಿಂದು ಹೋಗಿದ್ದ? ತಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಳು. ಪ್ರವೀಣ ನೀರಿನ ಗ್ಲಾಸುಗಳ ತಾಟು ಹಿಡಿದು ಒಬ್ಬೊಬ್ಬರ ಮುಂದೆ ಬಗ್ಗುತ್ತಿದ್ದ. ಗಟ್ಟಿ ಆಗಪ್ಪಾ, ಇನ್ನ ನೀನ ಎಲ್ಲಾ, ಎಂದು ಗ್ಲಾಸು ತೆಗೆದುಕೊಂಡವರೆಲ್ಲ ಅವನ ತಾಟಿನಲ್ಲಿ ಒಂದೊಂದು ಮಾತು ಇಡುತ್ತಿದ್ದರು. ಅವನು ಓಣಿಯ ಚಿಕ್ಕಮ್ಮಂದಿರಿಗೆಲ್ಲ ಹೂಂ ಕಾಕೂ, ಹೂಂ ಕಾಕೂ ಎನ್ನುತ್ತಿದ್ದ.

ನನ್ನ ಮುಂದೆ ಬಂದಾಗ ತಾಟನ್ನು ಇಸಿದುಕೊಂಡು ಕೆಳಗಿಟ್ಟೆ. ಪಕ್ಕದಲ್ಲಿ ಕುಳಿತುಕೋ ಎಂದೆ, ಕುಳಿತ. ಏನು ಕೇಳಬೇಕೆಂದು ನನಗೂ ಗೊತ್ತಿರಲಿಲ್ಲ. ವಿನಾಯಕ ಒಳ್ಳೆಯ ಹುಡುಗ, ದೇವರಂಥವನು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ಅದನ್ನು ನುಂಗಿಕೊಂಡೆ.

“ತಮ್ಮ ಭಾಳ ಕಾಡ್ತಿದ್ದನೇನೋ ನಿನಗ?”

ಹುಡುಗ ತಲೆ ಎತ್ತಿದ. ಆಚೆ ಈಚೆ ನೋಡಿದ. ಹೆಂಗಸರ ಮಾತು ಹೆಲ್ಮೆಟಿನ ಬೆಲೆಯವರೆಗೆ ತಲುಪಿತ್ತು, ಯಾರೂ ಕೇಳುತ್ತಿರಲಿಲ್ಲ.

“ಭಾಳ ಕಾಕೂ,” ಎಂದ. “ನನ್ನ ಅಂಗಿ ಕೇಳದ ಹಾಕ್ಕೊಂಡ ಹೋಗ್ತಿದ್ದ. ಎಷ್ಟ ಬೈದ್ರೂ ಕೇಳ್ತಿದ್ದಿಲ್ಲ.”

ಹೇಳಲು ಬರುವುದು ಬೇಕಾದಷ್ಟಿತ್ತು. ಒಂದು ತಾಸು ತಡೆಯಿಲ್ಲದೆ ಹೇಳುವಷ್ಟು ಅತ್ತೆ ಕಲಿಸಿದ್ದಳು. ಹುಡುಗ ತನ್ನ ಖಾಲಿ ಅಂಗೈ ನೋಡಿಕೊಂಡ.

“ಅವತ್ತೂ ನಂದ ಹಾಕ್ಕೊಂಡ ಹೋಗಿದ್ದ. ಹೊಸಾದು. ನಾ ಇನ್ನಾ ಒಮ್ಮಿನೂ ಹಾಕಿದ್ದಿಲ್ಲ.”